ಎದೆ ಢವಢವ ಅಂದಾಗ: ಟೆನ್ಷನ್ನೋ, ಹಾರ್ಟ್ ತೊಂದರೆಯೋ? ಹಂತ ಹಂತವಾಗಿ ನೋಡುವ ಬಗೆ

ಮುಂಬೈಯ ಒಂದು ಆಸ್ಪತ್ರೆಯಲ್ಲಿ 22 ವರ್ಷ ಇಸಿಜಿ ತೆಗೆಯುವ ಕೆಲಸ ಮಾಡಿದೆ. ನಾನು ಡಾಕ್ಟರ್ ಅಲ್ಲ, ಟೆಕ್ನಿಷಿಯನ್. ರಿಟೈರ್ ಆದ ಮೇಲೂ ಡೋಂಬಿವಲಿಯ ನಮ್ಮ ಬಿಲ್ಡಿಂಗಿನವರು, ಊರ ಕಡೆಯವರು, ಹೋಟೆಲಿನ ಹುಡುಗರು ಫೋನ್ ಮಾಡುತ್ತಲೇ ಇರುತ್ತಾರೆ. "ರಾತ್ರಿ ಎದೆ ಹೊಡ್ಕೊಳ್ತಿತ್ತು ಮಾರಾಯ್ರೆ, ಟೆನ್ಷನ್ ಇರ್ಬೇಕು ಅಲ್ವಾ?"

ಪಲ್ಸ್ ಎಷ್ಟಿತ್ತು ಅಂತ ಕೇಳಿದರೆ ಉತ್ತರ ಇಲ್ಲ. ಹೇಗೆ ಶುರುವಾಯಿತು? "ಹಾಗೇ." ಹೇಗೆ ನಿಂತಿತು? "ಈನೋ ಕುಡಿದೆ, ನಿಂತಿತು."

ಎಲ್ಲರೂ ಎಡವುವುದು ಇಲ್ಲೇ. ಮೊದಲು ಹೆಸರಿಡುತ್ತಾರೆ, ಆಮೇಲೆ ನೋಡುತ್ತಾರೆ. ಕೆಲವರು ನೋಡುವುದೂ ಇಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಟೆನ್ಷನ್ ಅನ್ನುವ ಹೆಸರು ಬರುವುದಾದರೆ ಅದು ಒಂಬತ್ತನೇ ಹಂತದಲ್ಲಿ ಬರಲಿ, ಅದನ್ನು ಹೇಳುವವರು ಡಾಕ್ಟರ್ ಆಗಿರಲಿ.

## ಮೊದಲೇ ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ಸೆಕೆಂಡ್ ತೋರಿಸುವ ಗಡಿಯಾರ ಅಥವಾ ಫೋನಿನ ಸ್ಟಾಪ್‌ವಾಚ್ ಸಾಕು. ತೋಳಿಗೆ ಕಟ್ಟುವ ಬಿಪಿ ಮೆಷಿನ್ ಇದ್ದರೆ ಒಳ್ಳೆಯದು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಯಾವುದೋ ಡಬ್ಬದಲ್ಲಿ ಬಿದ್ದಿರುತ್ತದೆ, ಸೆಲ್ ಬದಲಿಸಿ ಇಡಿ. ಶುಗರ್ ಇದ್ದವರ ಮನೆಯಲ್ಲಿ ಗ್ಲುಕೋಮೀಟರ್ ಇರಲೇಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ನಿಮ್ಮದೇ ಒಂದು ಸಂಖ್ಯೆ. ಆರಾಮಾಗಿರುವ ದಿನ ಬೆಳಿಗ್ಗೆ ಎದ್ದು, ಚಹಾ ಕುಡಿಯುವ ಮೊದಲು, 5 ನಿಮಿಷ ಸುಮ್ನೆ ಕೂತು ಪಲ್ಸ್ ಎಣಿಸಿ. ಮೂರು ದಿನ ಹೀಗೆ ಮಾಡಿ ಬರೆದಿಡಿ. ದೊಡ್ಡವರಿಗೆ 60ರಿಂದ 100ರವರೆಗೆ ಸಾಮಾನ್ಯ. ದಿನಾ ಓಡುವವರಿಗೆ 50ರ ಆಸುಪಾಸು ಇದ್ದರೂ ಆಶ್ಚರ್ಯವಿಲ್ಲ. ನಿಮ್ಮದು ಯಾವಾಗಲೂ 64 ಅಂತ ಗೊತ್ತಿದ್ದರೆ, ಕೂತಲ್ಲೇ 98 ಬಂದರೂ ಅದು ನಿಮಗೆ ಜಾಸ್ತಿಯೇ.

## ಹಂತ 1: ಎಣಿಸುವ ಮೊದಲು ಅಪಾಯದ ಚಿಹ್ನೆ ನೋಡಿ

ಇದಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಬೇಡ. ಎದೆ ಬಡಿತದ ಜೊತೆ ಇವುಗಳಲ್ಲಿ ಒಂದಿದ್ದರೂ ಮುಂದಿನ ಹಂತ ಓದಬೇಡಿ, 108ಕ್ಕೆ ಫೋನ್ ಮಾಡಿ:

- ಎದೆಯ ಮೇಲೆ ಕಲ್ಲಿಟ್ಟಂತೆ ಭಾರ, ಹಿಂಡಿದಂತೆ ನೋವು. ಅದು ತೋಳು, ದವಡೆ, ಕುತ್ತಿಗೆ ಅಥವಾ ಬೆನ್ನಿಗೆ ಹರಡುವುದು
- ತಣ್ಣನೆ ಬೆವರು, ಮುಖ ಬಿಳಿಚಿಕೊಳ್ಳುವುದು
- ಕಣ್ಣು ಕತ್ತಲೆ ಬಂದು ಬೀಳುವುದು, ಅಥವಾ ಇನ್ನೇನು ಬೀಳುತ್ತೇನೆ ಅನ್ನಿಸುವುದು
- ಮಾತಾಡಲು ಆಗದಷ್ಟು ಉಸಿರಾಟದ ಕಷ್ಟ
- ಬಾಯಿ ಸೊಟ್ಟ, ಮಾತು ತೊದಲು, ಒಂದು ಕೈಯಲ್ಲಿ ಬಲ ಇಲ್ಲದಿರುವುದು
- ಇತ್ತೀಚೆಗೆ ಆಪರೇಷನ್ ಅಥವಾ ಹೆರಿಗೆ ಆಗಿದ್ದು, ಅಥವಾ ಒಂದೇ ಕಾಲು ಊದಿಕೊಂಡಿದ್ದು, ಈಗ ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು

ಕೊನೆಯದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಕೂತರೂ ಎದೆ ಹೀಗೇ ಓಡುತ್ತದೆ, ಜೀವ ಹೀಗೇ ಚಡಪಡಿಸುತ್ತದೆ.

ಇನ್ನೂ ಕೆಲವರು ಯಾವ ಚಿಹ್ನೆ ಇಲ್ಲದಿದ್ದರೂ ಮನೆಯಲ್ಲಿ ಕೂತು ತೀರ್ಮಾನ ಮಾಡಬಾರದು: ಮೊದಲೇ ಹಾರ್ಟ್ ತೊಂದರೆ ಇದ್ದವರು, ಗರ್ಭಿಣಿಯರು, ಹತ್ತುವಾಗ ಓಡುವಾಗ ಎದೆ ಹಾರಿ ತಲೆ ತಿರುಗಿದವರು, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಯಾರಾದರೂ ದಿಢೀರ್ ತೀರಿಕೊಂಡಿದ್ದವರು.

ಹೃದಯಾಘಾತ ಅಂದರೆ ಸಿನಿಮಾದಲ್ಲಿ ತೋರಿಸುವಂತೆ ಎಡ ಎದೆ ಹಿಡಿದು ಬೀಳುವುದೇ ಅಲ್ಲ. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಶುಗರ್ ಇದ್ದವರಲ್ಲಿ ಬರೀ ಸುಸ್ತು, ಹೊಟ್ಟೆಯ ಮೇಲ್ಭಾಗದ ಉರಿ, ವಾಕರಿಕೆ, ಬೆವರು ಅಷ್ಟೇ ಇರಬಹುದು. ನನ್ನ ಟೇಬಲ್ಲಿಗೆ ಒಮ್ಮೆ ಹೋಟೆಲಿನ ಕ್ಯಾಶ್ ಕೌಂಟರ್ ನೋಡಿಕೊಳ್ಳುವವರೊಬ್ಬರು ಬಂದರು, 50ರ ಹತ್ತಿರದ ವಯಸ್ಸು. ನಡೆದೇ ಬಂದಿದ್ದರು. ಕೈ ಎದೆಯ ಮೇಲಿರಲಿಲ್ಲ, ಹೊಕ್ಕುಳ ಮೇಲಿತ್ತು. "ಗ್ಯಾಸ್, ಬೆಳಿಗ್ಗೆಯಿಂದ ಎರಡು ಸೋಡಾ ಆಯ್ತು" ಅಂದರು. ಅಂಟಿಸುವ ಎಲೆಕ್ಟ್ರೋಡ್ ನಿಲ್ಲಲಿಲ್ಲ, ಎದೆ ಅಷ್ಟು ಒದ್ದೆ. ಹೊರಗೆ ಮಳೆ, ಒಳಗೆ ಎಸಿ, ಆ ಬೆವರಿಗೆ ಬೇರೆ ಕಾರಣ ಇರಲಿಲ್ಲ. ಕಾಗದ ಹೊರಗೆ ಬರುವ ಮೊದಲೇ ಡಾಕ್ಟರನ್ನು ಕೂಗಿದೆ. ಅವರ ಪಲ್ಸ್ ಎಷ್ಟಿತ್ತು ಗೊತ್ತಾ? 84. ಪಲ್ಸ್ ಸರಿ ಇದೆ ಅಂದ ಮಾತ್ರಕ್ಕೆ ಹಾರ್ಟ್ ಅಟ್ಯಾಕ್ ಅಲ್ಲ ಅಂತ ಹೇಳಲಾಗದು. ಅದಕ್ಕೇ ಈ ಹಂತ ಎಣಿಕೆಗಿಂತ ಮೊದಲು.

ಇಲ್ಲಿ ಆಗುವ ತಪ್ಪುಗಳು. ಸೋಡಾ ಕುಡಿದು ತೇಗು ಬಂದು ಹಗುರವಾದರೆ ಗ್ಯಾಸ್ ಅಂತ ಸಾಬೀತಾಗುವುದಿಲ್ಲ. ಹೃದಯದ ನೋವೂ ಬಂದು ಹೋಗಿ ಮಾಡುತ್ತದೆ. ವಾಟ್ಸ್ಯಾಪಿನಲ್ಲಿ ಬರುವ "ಜೋರಾಗಿ ಕೆಮ್ಮಿ ಹಾರ್ಟ್ ಅಟ್ಯಾಕ್ ನಿಲ್ಲಿಸಿ" ಅನ್ನುವುದನ್ನು ನಂಬಬೇಡಿ. ಪಕ್ಕದ ಮನೆಯವರಿಗೆ ಹೃದಯದ ನೋವಿಗೆ ಅಂತ ಕೊಟ್ಟ ಸಾರ್ಬಿಟ್ರೇಟ್ ಮಾತ್ರೆಯನ್ನು ನಾಲಿಗೆ ಕೆಳಗೆ ಇಡಬೇಡಿ. ಬಿಪಿ ದಢಕ್ಕನೆ ಇಳಿಯಬಹುದು.

ಮುಂಬೈಯವರಿಗೆ ಇನ್ನೊಂದು ಮಾತು. ಹಳೆಯ ಬಿಲ್ಡಿಂಗ್, ಲಿಫ್ಟ್ ಇಲ್ಲ, ನಾಲ್ಕನೇ ಮಹಡಿ. "ನಡೆದೇ ಇಳೀತೀನಿ" ಅನ್ನುತ್ತಾರೆ. ಬೇಡ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಇಬ್ಬರು ಹಿಂದೆ, ಇಬ್ಬರು ಮುಂದೆ ಹಿಡಿದು ಇಳಿಸಿ. ಸ್ವಂತ ಸ್ಕೂಟರ್, ಕಾರು ಓಡಿಸಿಕೊಂಡು ಹೋಗಲೇಬೇಡಿ. ಆಂಬ್ಯುಲೆನ್ಸ್ ತಡವಾಗುವುದಾದರೆ ಟ್ಯಾಕ್ಸಿ ಹಿಡಿಯಿರಿ, ಜೊತೆಗೆ ಒಬ್ಬರು ಇರಲಿ.

ಮನುಷ್ಯ ಕುಸಿದು ಬಿದ್ದು, ಕೂಗಿದರೂ ಓಗೊಡದೆ, ಉಸಿರು ಸರಿಯಾಗಿ ಆಡದಿದ್ದರೆ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು ಒತ್ತಿ. ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂಟಿಮೀಟರ್ ಆಳ. ಸಹಾಯ ಬರುವವರೆಗೆ ಬಿಡಬೇಡಿ.

## ಹಂತ 2: ಪಲ್ಸ್ ಸರಿಯಾಗಿ ಎಣಿಸಿ

ಅಪಾಯದ ಚಿಹ್ನೆ ಇಲ್ಲ ಅಂದರೆ ಕೂತುಕೊಳ್ಳಿ. ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಬುಡದಿಂದ ಸ್ವಲ್ಪ ಕೆಳಗೆ, ಮಣಿಕಟ್ಟಿನಲ್ಲಿ, ಇನ್ನೊಂದು ಕೈಯ ತೋರುಬೆರಳು ಮತ್ತು ನಡುಬೆರಳು ಇಡಿ. ಹೆಬ್ಬೆರಳಿನಿಂದ ಹಿಡಿಯಬೇಡಿ. ಅದಕ್ಕೆ ತನ್ನದೇ ಮಿಡಿತ ಇದೆ, ಲೆಕ್ಕ ತಪ್ಪುತ್ತದೆ. ಒತ್ತಿ ಹಿಡಿದರೂ ಮಿಡಿತ ಮಾಯವಾಗುತ್ತದೆ, ಬೆರಳು ಹಗುರವಾಗಿರಲಿ.

30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ತಾಳ ತಪ್ಪುತ್ತಿದೆ ಅನ್ನಿಸಿದರೆ ಪೂರ್ತಿ 60 ಸೆಕೆಂಡ್ ಎಣಿಸಿ. 10 ಸೆಕೆಂಡ್ ಎಣಿಸಿ ಆರರಿಂದ ಗುಣಿಸುವವರಿದ್ದಾರೆ. ಅದರಲ್ಲಿ ಒಂದು ಮಿಡಿತ ತಪ್ಪಿದರೆ ಉತ್ತರದಲ್ಲಿ 6 ತಪ್ಪುತ್ತದೆ.

ಕೂತಲ್ಲೇ 100ರಿಂದ 150ರ ನಡುವೆ ಇದ್ದರೆ ಅದು ಗಾಬರಿಯೂ ಇರಬಹುದು, ಜ್ವರವೂ ಇರಬಹುದು, ಇನ್ನೇನೋ ಇರಬಹುದು. ಸಂಖ್ಯೆ ಒಂದರಿಂದಲೇ ಹೇಳಲಾಗದು. ಏನೂ ಮಾಡದೆ ಕೂತಾಗ 150 ದಾಟಿದರೆ ಅದನ್ನು ಟೆನ್ಷನ್ ಅಂತ ಕರೆಯಬೇಡಿ. ಎಳೆಯ ವಯಸ್ಸಿನವರಿಗೆ ಭಯದಿಂದಲೂ ಅಷ್ಟು ಹೋಗುವುದುಂಟು, ಆದರೆ ಆ ನಿರ್ಧಾರ ಇಸಿಜಿ ನೋಡಿದವರದ್ದು. ಹಾಗಿದ್ದಾಗ ನೇರ ಹಂತ 7ಕ್ಕೆ ಹೋಗಿ.

ಆಕ್ಸಿಮೀಟರಿನಲ್ಲಿ ಎರಡು ಸಂಖ್ಯೆ ಇರುತ್ತವೆ, ಒಂದು ಆಕ್ಸಿಜನ್, ಇನ್ನೊಂದು ಪಲ್ಸ್. ಗೊಂದಲ ಮಾಡಿಕೊಳ್ಳಬೇಡಿ. "ಆಕ್ಸಿಜನ್ 98 ಇದೆ, ಹಾರ್ಟ್ ಫಸ್ಟ್ ಕ್ಲಾಸ್" ಅನ್ನುವುದನ್ನು ನೂರು ಸಲ ಕೇಳಿದ್ದೇನೆ. ಆ 98ಕ್ಕೂ ಹೃದಯದ ರಕ್ತನಾಳಗಳಿಗೂ ಸಂಬಂಧವಿಲ್ಲ. ಉಗುರಿನ ಬಣ್ಣ ತೆಗೆದು, ತಣ್ಣಗಿನ ಬೆರಳನ್ನು ಉಜ್ಜಿ ಬೆಚ್ಚಗೆ ಮಾಡಿ ಹಾಕಿ. ಆಮೇಲೂ ಆಕ್ಸಿಜನ್ 94ಕ್ಕಿಂತ ಕೆಳಗಿದ್ದು ಉಸಿರು ಕಷ್ಟವಾಗಿದ್ದರೆ ಆಸ್ಪತ್ರೆಗೆ ಹೊರಡಿ.

## ಹಂತ 3: ತಾಳ ಕೇಳಿಸಿಕೊಳ್ಳಿ

ಮಣಿಕಟ್ಟಿನಲ್ಲಿ ಬೆರಳು ಇಟ್ಟುಕೊಂಡೇ, ಕಾಲಿನಿಂದ ನೆಲಕ್ಕೆ ತಾಳ ಹಾಕಿ. ಭಜನೆಗೆ ತಾಳ ಹಾಕಿ ಗೊತ್ತಿದ್ದವರಿಗೆ ಇದು ಇನ್ನೂ ಸುಲಭ.

ವೇಗ ಜಾಸ್ತಿ, ಆದರೆ ತಾಳ ಒಂದೇ ಸಮ ಅಂದರೆ ಅದು ಗಾಬರಿಯ ಓಟವೂ ಆಗಬಹುದು, ಎಸ್‌ವಿಟಿ ಅನ್ನುವ, ಹೃದಯದೊಳಗಿನ ವಿದ್ಯುತ್ ಓಟದ ತೊಂದರೆಯೂ ಆಗಬಹುದು. ಮುಂದಿನ ಹಂತದಲ್ಲಿ ಬಿಡಿಸೋಣ.

ಸರಿಯಾಗಿ ಹೋಗುತ್ತಾ ಹೋಗುತ್ತಾ ಒಂದು ಮಿಡಿತ ಬಿಟ್ಟು, ಮುಂದಿನದ್ದು ಧಡ್ ಅಂತ ಹೊಡೆದರೆ ಅದು ಹೆಚ್ಚಾಗಿ ನಡುವೆ ನುಗ್ಗಿದ ಒಂದು ಬಿಡಿ ಮಿಡಿತ. ನಿದ್ದೆಗೆಟ್ಟಾಗ, ಚಹಾ ಜಾಸ್ತಿಯಾದಾಗ ಆರೋಗ್ಯವಂತರಿಗೂ ಬರುತ್ತದೆ. ಪದೇ ಪದೇ ಬಂದರೆ, ಅಥವಾ ತಲೆ ತಿರುಗಿದರೆ ಮಾತ್ರ ತೋರಿಸಿ.

ತಾಳವೇ ಇಲ್ಲ, ಒಂದು ಬೇಗ, ಒಂದು ತಡ, ಒಂದು ಗಟ್ಟಿ, ಒಂದು ಮೆಲ್ಲಗೆ. ಕಾಲು ಸೋತುಹೋಗುತ್ತದೆ. ಇದು ಏಟ್ರಿಯಲ್ ಫಿಬ್ರಿಲೇಷನ್ ಇರಬಹುದು. 60 ದಾಟಿದವರಲ್ಲಿ, ಬಿಪಿ ಇದ್ದವರಲ್ಲಿ ಜಾಸ್ತಿ. ಇದರಲ್ಲಿ ಹೃದಯದ ಮೇಲಿನ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗುವ ಅಪಾಯ ಇದೆ, ಅಂದರೆ ಪಾರ್ಶ್ವವಾಯು. ಟೆನ್ಷನ್ನಿನಿಂದ ಎದೆ ಜೋರಾಗಿ ಓಡಬಹುದು, ತಾಳ ಹೀಗೆ ಪೂರಾ ಕೆಡುವುದಿಲ್ಲ. ತಾಳ ಕೆಟ್ಟಿದ್ದರೆ ಆವತ್ತೇ ಇಸಿಜಿ. ತಾನಾಗಿ ಸರಿಹೋದರೂ ತೋರಿಸಲೇಬೇಕು. ಆಕ್ಸಿಮೀಟರಿನ ಪಲ್ಸ್ 88, 131, 102, 145 ಅಂತ ಕುಣಿಯುತ್ತಿದ್ದರೆ ಮೆಷಿನ್ ಹಾಳಾಗಿದೆ ಅಂತ ಬಿಸಾಡುವ ಮೊದಲು ಕೈಯಿಂದ ತಾಳ ನೋಡಿ.

## ಹಂತ 4: ಹೇಗೆ ಶುರುವಾಯಿತು, ಹೇಗೆ ನಿಂತಿತು

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಓದುತ್ತೀರಿ ಅಂದರೆ ಹಂತ 1ರ ನಂತರ ಇದನ್ನೇ ಓದಿ.

ಗಾಬರಿಯ ಬಡಿತ ಘಾಟ್ ರಸ್ತೆಯ ಬಸ್ಸಿನಂತೆ ಏರುತ್ತದೆ, ಹಾಗೇ ಇಳಿಯುತ್ತದೆ. 90, 105, 120. ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದಂತೆ ಮುಗಿಬೀಳುವ ಗಾಬರಿ, ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ, ಅರ್ಧ ಗಂಟೆಯಲ್ಲಿ ಇಳಿದಿರುತ್ತದೆ. ಸುಸ್ತು ಮಾತ್ರ ಇನ್ನೂ ಹೊತ್ತು ಉಳಿಯುತ್ತದೆ.

ಎಸ್‌ವಿಟಿ ಟ್ಯೂಬ್‌ಲೈಟ್ ಸ್ವಿಚ್ಚಿನಂತೆ. ಟಪ್ ಅಂತ ಹತ್ತುತ್ತದೆ, ಟಪ್ ಅಂತ ಆರುತ್ತದೆ. ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ, ಆ ಕ್ಷಣದಲ್ಲಿ ಶುರುವಾಯಿತು ಅಂತ ಗಳಿಗೆ ಸಮೇತ ಹೇಳುತ್ತಾರೆ. ಪಲ್ಸ್ 150ರಿಂದ 250ರ ನಡುವೆ ಎಲ್ಲಾದರೂ ಇರಬಹುದು. ಕುತ್ತಿಗೆಯಲ್ಲಿ ಕಪ್ಪೆ ಹಾರಿದಂತೆ ಮಿಡಿತ ಕಾಣುವುದೂ ಉಂಟು. ನಿಂತ ಮೇಲೆ ಕೆಲವರಿಗೆ ಮೂತ್ರ ಜಾಸ್ತಿ ಹೋಗುತ್ತದೆ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ನಾಚಿಕೆ.

ಎದೆ 180ರಲ್ಲಿ ಓಡಿದರೆ ಯಾರಿಗೆ ತಾನೇ ಹೆದರಿಕೆ ಆಗುವುದಿಲ್ಲ? ನೋಡಿದವರಿಗೆ ಹೆದರಿಕೆ ಮಾತ್ರ ಕಾಣುತ್ತದೆ. ಹೆದರಿಕೆಯಿಂದ ಎದೆ ಓಡಿತೋ, ಎದೆ ಓಡಿದ್ದರಿಂದ ಹೆದರಿಕೆಯೋ ಅಂತ ಯಾರೂ ಕೇಳುವುದಿಲ್ಲ. ಎಸ್‌ವಿಟಿ ಇರುವವರಿಗೆ, ಅದರಲ್ಲೂ ಹೆಂಗಸರಿಗೆ, ಪ್ಯಾನಿಕ್ ಅಂತ ಹಣೆಪಟ್ಟಿ ಬೀಳುವುದು ಹೀಗೆ. ಟೀಚರ್ ಒಬ್ಬರು ಮೂರು ವರ್ಷ ನಿದ್ದೆ ಮಾತ್ರೆ ನುಂಗಿದ್ದರು. ಒಂದು ದಿನ ನನ್ನ ಟೇಬಲ್ ಮೇಲೆ ಮಲಗಿದ್ದಾಗಲೇ ಶುರುವಾಯಿತು. ಕಾಗದದ ಮೇಲೆ 188, ಗೆರೆ ಎಳೆದಂತೆ ಒಂದೇ ಸಮ. ಕಣ್ಣಲ್ಲಿ ನೀರು ತುಂಬಿಕೊಂಡು ಅವರು ಕೇಳಿದ್ದು ಒಂದೇ: "ಅಂದ್ರೆ ಇದು ನನ್ನ ತಲೇಲಿ ಇರಲಿಲ್ವಾ?"

ಹಾಗಾಗಿ ಪ್ರತಿ ಸಲ ಮೂರು ಸಾಲು ಬರೆಯಿರಿ: ಎಷ್ಟು ಗಂಟೆಗೆ, ಏನು ಮಾಡುತ್ತಿದ್ದಾಗ ಶುರು, ಮೆಲ್ಲಗೆ ಏರಿತೋ, ಒಮ್ಮೆಲೇ ಹತ್ತಿತೋ, ಮೆಲ್ಲಗೆ ಇಳಿಯಿತೋ, ಒಮ್ಮೆಲೇ ನಿಂತಿತೋ. "ತುಂಬಾ ಹೊತ್ತು ಇತ್ತು" ಅಂತ ಬರೆಯಬೇಡಿ, ಗಡಿಯಾರ ನೋಡಿ. ಭಯದಲ್ಲಿ ನಾಲ್ಕು ನಿಮಿಷ ಅರ್ಧ ಗಂಟೆಯಂತೆ ಕಾಣುತ್ತದೆ.

ನಿದ್ದೆಯಿಂದ ಎಬ್ಬಿಸಿದರೆ ಹಾರ್ಟ್, ಎಚ್ಚರದಲ್ಲಿ ಬಂದರೆ ಟೆನ್ಷನ್ ಅನ್ನುವ ಲೆಕ್ಕ ನಮ್ಮಲ್ಲಿ ಓಡಾಡುತ್ತದೆ. ಅದು ಸರಿಯಲ್ಲ. ಪ್ಯಾನಿಕ್ ಕೂಡ ನಿದ್ದೆಯಿಂದ ಎಬ್ಬಿಸುತ್ತದೆ.

## ಹಂತ 5: ಬೇರೆ ಕಳ್ಳರನ್ನು ಹುಡುಕಿ

ಟೆನ್ಷನ್ ಮತ್ತು ಹಾರ್ಟ್, ಎರಡೇ ಬಾಗಿಲು ಅಂತ ತಿಳಿಯಬೇಡಿ. ಎದೆ ಓಡಿಸುವ ಬೇರೆ ಕಾರಣಗಳೂ ಬಹಳ ಇವೆ.

ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ಶುಗರ್ ನೋಡಿ. 70ಕ್ಕಿಂತ ಕೆಳಗಿದ್ದರೆ ಎದೆ ಬಡಿತ, ನಡುಕ, ಬೆವರು, ಸಿಡಿಮಿಡಿ ಎಲ್ಲ ಬರುತ್ತದೆ, ಥೇಟ್ ಪ್ಯಾನಿಕ್ ಹಾಗೇ. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪುತ್ತಿದ್ದರೆ ಬಾಯಿಗೆ ಏನೂ ಹಾಕಬೇಡಿ, 108.

ಜ್ವರ ನೋಡಿ. ಮೈ ಬಿಸಿ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಪಲ್ಸ್ ಸುಮಾರು 10 ಏರುತ್ತದೆ. ನೀರು ಕುಡಿದದ್ದು ಎಷ್ಟು? ಮೇ ತಿಂಗಳಲ್ಲಿ, ಅಕ್ಟೋಬರ್ ಸೆಕೆಯಲ್ಲಿ, ಹೋಟೆಲಿನ ಒಲೆ ಮುಂದೆ ನಿಂತ ಹುಡುಗರಿಗೆ ಪಲ್ಸ್ 110 ಬರುವುದಕ್ಕೆ ಚಿಂತೆಯೇ ಬೇಕಾಗಿಲ್ಲ, ಬೆವರು ಸಾಕು.

ಆಮೇಲೆ ಚಹಾ. "ಎಷ್ಟು ಚಹಾ?" ಅಂದರೆ "ಎರಡೇ" ಅನ್ನುತ್ತಾರೆ. ಆಫೀಸಿನ ಕಟಿಂಗ್, ಅಂದರೆ ಅರ್ಧ ಲೋಟದ ಚಹಾ, ಲೆಕ್ಕಕ್ಕಿಲ್ಲ. ಸಿಗರೇಟು, ಗುಟ್ಕಾ, ಎನರ್ಜಿ ಡ್ರಿಂಕ್, ಹಿಂದಿನ ರಾತ್ರಿಯ ಕುಡಿತ ಎಲ್ಲ ಬರೆಯಿರಿ. ಮಾತ್ರೆಗಳಲ್ಲಿ ನೆಗಡಿ ಮಾತ್ರೆ, ದಮ್ಮಿನ ಪಂಪ್, ಜಾಸ್ತಿಯಾದ ಥೈರಾಯ್ಡ್ ಮಾತ್ರೆ ಎದೆ ಓಡಿಸುತ್ತವೆ. ಬಿಪಿಗೆ ಅಂತ ಕೊಟ್ಟ ಮೆಟೊಪ್ರೊಲಾಲ್‌ನಂಥ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೂ ಹೀಗಾಗುತ್ತದೆ.

ವಾರಗಟ್ಟಲೆ ಇದ್ದರೆ ಎರಡು ರಕ್ತ ಪರೀಕ್ಷೆ ಕೇಳಿ ಮಾಡಿಸಿ: ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ನೋಡುವ ಟಿಎಸ್‌ಎಚ್. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುವ ಹೆಂಗಸರು ದಾದರ್ ಸ್ಟೇಷನ್ನಿನ ಸೇತುವೆ ಹತ್ತಿ ಎದೆ ಹಿಡಿದು ನಿಲ್ಲುವುದು ಎಷ್ಟೋ ಸಲ ರಕ್ತ ಕಡಿಮೆಯಾಗಿ. ತೂಕ ಇಳಿಯುತ್ತಿದೆ, ಕೈ ನಡುಗುತ್ತಿದೆ, ಸೆಕೆ ತಡೆಯುವುದಿಲ್ಲ ಅಂದರೆ ಥೈರಾಯ್ಡ್ ಮೇಲೆ ಅನುಮಾನ ಬರಬೇಕು.

## ಹಂತ 6: ಉಸಿರು ನಿಧಾನ ಮಾಡಿ, ಸಂಖ್ಯೆ ಇಳಿಯುವ ರೀತಿ ನೋಡಿ

ಬೆನ್ನಿಗೆ ಆಸರೆ ಕೊಟ್ಟು ಕೂರಿ. ಮೂಗಿನಿಂದ 4 ಎಣಿಸುವಷ್ಟು ಹೊತ್ತು ಉಸಿರು ತೆಗೆದುಕೊಂಡು, 6 ಎಣಿಸುವಷ್ಟು ಹೊತ್ತು ಬಿಡಿ. ಹೊಟ್ಟೆ ಏರಿಳಿಯಬೇಕು, ಭುಜ ಅಲ್ಲ. ಎರಡು ನಿಮಿಷಕ್ಕೊಮ್ಮೆ ಪಲ್ಸ್ ಬರೆಯಿರಿ. ಹಂತ 2ರಲ್ಲಿ 150 ದಾಟಿದವರು ಇದಕ್ಕಾಗಿ ಕಾಯದೆ ಹೊರಡಿ, ಎಣಿಕೆ ದಾರಿಯಲ್ಲಿ ಆಗಲಿ.

ಗಾಬರಿಯ ಬಡಿತ ಉಸಿರಿನ ಮಾತು ಕೇಳುತ್ತದೆ: 126, 118, 109, 101. ಎಸ್‌ವಿಟಿ ಕೇಳುವುದಿಲ್ಲ: 184, 184, 182, 184. ಇದು ಪಕ್ಕಾ ಪರೀಕ್ಷೆ ಅಲ್ಲ, ಸುಳಿವು. ಆದರೆ ಈ ನಾಲ್ಕು ಸಂಖ್ಯೆ ಡಾಕ್ಟರಿಗೆ ನಿಮ್ಮ ಅರ್ಧ ಗಂಟೆಯ ವಿವರಣೆಗಿಂತ ಜಾಸ್ತಿ ಹೇಳುತ್ತವೆ.

ಬಾಯಿ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಬಂದು ಬೆರಳು ಸೆಟೆದುಕೊಂಡರೆ ಅದು ಹೆಚ್ಚಾಗಿ ಜೋರಾಗಿ ಉಸಿರಾಡಿ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿದದ್ದರಿಂದ. ಉಸಿರು ನಿಧಾನವಾದರೆ ಹೋಗುತ್ತದೆ. ಪೇಪರ್ ಚೀಲದಲ್ಲಿ ಉಸಿರಾಡುವ ಹಳೆಯ ಉಪಾಯ ಬೇಡ. ನಿಜವಾಗಿ ಹೃದಯದ್ದೋ ಶ್ವಾಸಕೋಶದ್ದೋ ತೊಂದರೆ ಇದ್ದರೆ ಅದು ಆಮ್ಲಜನಕ ಕಸಿದುಕೊಂಡಂತೆ.

20 ನಿಮಿಷ ಕೂತರೂ 120ಕ್ಕಿಂತ ಕೆಳಗೆ ಇಳಿಯದಿದ್ದರೆ ಉಸಿರಿನ ಪಾಠ ಸಾಕು. ಹೊರಡಿ.

ಎಸ್‌ವಿಟಿ ಅಂತ ಮೊದಲೇ ಪತ್ತೆಯಾದವರಿಗೆ ಡಾಕ್ಟರ್ ಒಂದು ಉಪಾಯ ಕಲಿಸುತ್ತಾರೆ. ಅರ್ಧ ಒರಗಿ ಕೂತು, 10 ಮಿಲಿ ಸಿರಿಂಜಿನ ತುದಿಗೆ ಬಾಯಿಟ್ಟು ಹಿಡಿ ಅಲುಗುವಷ್ಟು ಬಲವಾಗಿ 15 ಸೆಕೆಂಡ್ ಊದುವುದು, ಕೂಡಲೇ ಅಂಗಾತ ಮಲಗಿಸಿ ಇನ್ನೊಬ್ಬರು ಕಾಲು ಎತ್ತಿ 15 ಸೆಕೆಂಡ್ ಹಿಡಿಯುವುದು. ಪತ್ತೆಯಾಗದವರು ಮನೆಯಲ್ಲಿ ಪ್ರಯೋಗ ಮಾಡಬೇಡಿ. ಕುತ್ತಿಗೆಯ ನರ ಉಜ್ಜುವುದಂತೂ ಬೇಡವೇ ಬೇಡ.

### ಲೋಕಲ್ ಟ್ರೈನಿನಲ್ಲಿ ಆದರೆ

ನಮ್ಮವರಿಗೆ ಜಾಸ್ತಿ ಆಗುವುದು ಅಲ್ಲೇ. ಬೆಳಿಗ್ಗೆ 8ರ ಫಾಸ್ಟ್ ಲೋಕಲ್, ಡೋಂಬಿವಲಿ ಬಿಟ್ಟರೆ ಠಾಣೆ, ನಡುವೆ ಕೈ ಎತ್ತಲೂ ಜಾಗವಿಲ್ಲ. ಬಾಗಿಲ ಕಡೆ ನುಗ್ಗಬೇಡಿ. ತಲೆ ತಿರುಗಿದವರಿಗೆ ಬಾಗಿಲಿನಷ್ಟು ಅಪಾಯದ ಜಾಗ ಇನ್ನೊಂದಿಲ್ಲ. "ಚಕ್ಕರ್ ಬರ್ತಿದೆ" ಅಂತ ಗಟ್ಟಿಯಾಗಿ ಹೇಳಿ, ಮುಂಬೈ ಜನ ಎದ್ದು ಸೀಟು ಕೊಡುತ್ತಾರೆ. ಎರಡು ಸ್ಟೇಷನ್ ನಡುವೆ ಚೈನ್ ಎಳೆದರೆ ಗಾಡಿ ನಿಲ್ಲುವುದು ಡಾಕ್ಟರ್ ಇಲ್ಲದ ಕಡೆ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಸ್ಟೇಷನ್ ಮಾಸ್ಟರ್ ಹತ್ತಿರ ಹೋಗಿ, ಅಥವಾ 139ಕ್ಕೆ ಫೋನ್ ಮಾಡಿಸಿ.

## ಹಂತ 7: ಓಡುತ್ತಿರುವಾಗಲೇ ಕಾಗದದ ಮೇಲೆ ಹಿಡಿಯಿರಿ

ಇಸಿಜಿಗೆ 10 ತಂತಿ, 12 ಕೋನದ ನೋಟ, 10 ಸೆಕೆಂಡ್. ಒಂದು ದಿನಕ್ಕೆ 86,400 ಸೆಕೆಂಡ್ ಇವೆ. ಸೋಮವಾರ ರಾತ್ರಿ ಬಂದದ್ದಕ್ಕೆ ಬುಧವಾರ ಬೆಳಿಗ್ಗೆ ಇಸಿಜಿ ತೆಗೆಸಿ "ನಾರ್ಮಲ್ ಬಂತು" ಅಂತ ಮನೆಗೆ ಹೋಗುವುದು, ಕಳ್ಳ ಹೋದ ಮೇಲೆ ಬಾಗಿಲಿನ ಫೋಟೊ ತೆಗೆದ ಹಾಗೆ.

ಆದ್ದರಿಂದ ಬಡಿತ ಶುರುವಾಗಿ, ಹಂತ 2, 3 ಅಥವಾ 6ರಲ್ಲಿ ಅನುಮಾನ ಬಂದರೆ, ನಿಲ್ಲುವವರೆಗೆ ಕಾಯಬೇಡಿ. ಹತ್ತಿರದಲ್ಲಿ ಇಸಿಜಿ ಇರುವ ನರ್ಸಿಂಗ್ ಹೋಂ ಯಾವುದು, ರಾತ್ರಿ ತೆರೆದಿರುತ್ತದಾ ಅಂತ ಈ ವಾರವೇ ವಿಚಾರಿಸಿ ಇಡಿ. ಪರೇಲಿನ ಕೆಇಎಂ, ಸಯನ್, ಮುಂಬೈ ಸೆಂಟ್ರಲ್ಲಿನ ನಾಯರ್, ಜುಹು ಕಡೆಯ ಕೂಪರ್ ಆಸ್ಪತ್ರೆಗಳಲ್ಲಿ ಕ್ಯಾಜುವಾಲ್ಟಿ ಹಗಲು ರಾತ್ರಿ ಇರುತ್ತದೆ. ಎದೆನೋವು ಅಂತ ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನುವುದು ಎಲ್ಲ ಕಡೆಯ ನಿಯಮ. ಸಾಲಿನಲ್ಲಿ ಸುಮ್ನೆ ನಿಲ್ಲಬೇಡಿ, ಕೇಳಿ.

ಟೆಕ್ನಿಷಿಯನ್ ಆಗಿ ಎರಡು ಮಾತು. ಎದೆಗೆ ಎಣ್ಣೆ, ಪೌಡರ್, ವಿಕ್ಸ್ ಹಚ್ಚಿಕೊಂಡು ಬರಬೇಡಿ, ಅಂಟುವುದಿಲ್ಲ. ಎಸಿಯಲ್ಲಿ ನಡುಕ ಬಂದರೆ ಹೇಳಿ, ನಡುಗಿದರೆ ಗೆರೆಯೂ ನಡುಗುತ್ತದೆ.

ಇಸಿಜಿ ತೆಗೆಯುವ ಸ್ಮಾರ್ಟ್‌ವಾಚ್ ಇದ್ದರೆ ಓಡುತ್ತಿರುವಾಗಲೇ 30 ಸೆಕೆಂಡ್ ರೆಕಾರ್ಡ್ ಮಾಡಿ. ತಾಳದ ತೊಂದರೆಗೆ ಅದು ನಿಜಕ್ಕೂ ಉಪಯೋಗ. ಆದರೆ ವಾಚ್ ಹಾರ್ಟ್ ಅಟ್ಯಾಕ್ ಹಿಡಿಯುವುದಿಲ್ಲ.

ಎದೆನೋವು ಇದ್ದಾಗ ಮೊದಲ ಇಸಿಜಿ ನಾರ್ಮಲ್ ಅಂದರೂ ಮುಗಿಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ತೆಗೆಯುತ್ತಾರೆ, ಟ್ರೋಪೋನಿನ್ ಅನ್ನುವ ರಕ್ತ ಪರೀಕ್ಷೆ ಮಾಡುತ್ತಾರೆ. "ಒಂದು ಆಯ್ತಲ್ಲ, ಹೋಗೋಣ" ಅಂತ ಎದ್ದು ಬರಬೇಡಿ.

## ಹಂತ 8: ಡಾಕ್ಟರಿಗೆ "ಗಾಬರಿ" ಅನ್ನಬೇಡಿ

ಇದು ಮುಂಬೈ ಕನ್ನಡಿಗರದ್ದೇ ಒಂದು ತೊಂದರೆ. ನಾವು ಎದೆ ಹಾರುವುದಕ್ಕೂ "ಗಾಬರಿ ಆಗ್ತಿದೆ" ಅನ್ನುತ್ತೇವೆ, ಹೊಟ್ಟೆ ತೊಳಸಿದರೂ "ಜೀವ ಗಾಬರಿ" ಅನ್ನುತ್ತೇವೆ. ಕ್ಯಾಜುವಾಲ್ಟಿಯಲ್ಲಿ ಅದನ್ನೇ ಹಿಂದಿಗೆ ತಿರುಗಿಸಿ "ಘಬ್ರಾಹಟ್ ಹೋ ರಹಾ ಹೈ" ಅಂದುಬಿಡುತ್ತೇವೆ. ರಾತ್ರಿ ಎರಡು ಗಂಟೆಗೆ ನಲವತ್ತು ರೋಗಿಗಳ ನಡುವೆ ನಿಂತ ಹುಡುಗ ಡಾಕ್ಟರ್ ಕಿವಿಗೆ ಆ ಪದ ಬಿದ್ದರೆ ಆಂಗ್ಸೈಟಿ ಅಂತ ಬರೆದುಕೊಳ್ಳುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ, ನಾವು ಹೇಳಿದ್ದೇ ಅದು.

ಬದಲಿಗೆ ಆದದ್ದನ್ನು ಹೇಳಿ. ಹಿಂದಿಯಲ್ಲಾದರೆ "ಧಡ್ಕನ್ ಅಚಾನಕ್ ತೇಜ್ ಹೋ ಗಯೀ." ಮರಾಠಿಯಲ್ಲಾದರೆ "ಛಾತೀತ ಧಡಧಡ ಹೋತೇ." ಆಮೇಲೆ ಸಂಖ್ಯೆ: ರಾತ್ರಿ 11.20ಕ್ಕೆ ಒಮ್ಮೆಲೇ ಶುರು, ಪಲ್ಸ್ 172, ತಾಳ ಸಮ, 25 ನಿಮಿಷ, ಒಮ್ಮೆಲೇ ನಿಂತಿತು, ಎದೆನೋವು ಇಲ್ಲ, ಕಣ್ಣು ಕತ್ತಲೆ ಬಂತು. ಚೀಟಿಯನ್ನೇ ಕೈಗೆ ಕೊಟ್ಟರೂ ಸರಿ. ಜೊತೆಯಲ್ಲಿ ಬಂದವರು "ಮಗಳ ಮದುವೆ ಟೆನ್ಷನ್ ಸಾರ್" ಅಂತ ಮೊದಲೇ ಶುರುಮಾಡದಿರಲಿ. ಕೇಳಿದಾಗ ಹೇಳಿದರೆ ಸಾಕು.

ಅವರು ಮುಂದೆ ಹೇಳಬಹುದಾದದ್ದು: ಎಕೋ, ಅಂದರೆ ಹೃದಯದ ಸೋನೋಗ್ರಫಿ. ಮತ್ತೆ ಹೋಲ್ಟರ್, 24ರಿಂದ 48 ಗಂಟೆ ಮೈಗೆ ಕಟ್ಟಿಕೊಂಡಿರುವ ಇಸಿಜಿ. ಹೋಲ್ಟರ್ ಹಾಕಿಕೊಂಡು ರಜೆ ಹಾಕಿ ಮಲಗಬೇಡಿ, ದಿನದ ಓಡಾಟ ಮಾಡಿ. ತಿಂಗಳಿಗೊಮ್ಮೆ ಬರುವ ಬಡಿತಕ್ಕೆ 24 ಗಂಟೆಯ ಹೋಲ್ಟರ್ ಖಾಲಿ ಬರುವುದೇ ಜಾಸ್ತಿ. ಆಗ ಇನ್ನೂ ಹೆಚ್ಚು ದಿನ ಹಾಕುವ ರೆಕಾರ್ಡರ್ ಬಗ್ಗೆ ಕೇಳಿ.

## ಹಂತ 9: ಈಗ ಟೆನ್ಷನ್ ಅನ್ನಬಹುದು

ಇಸಿಜಿ, ರಕ್ತ ಪರೀಕ್ಷೆ ಸರಿ ಇದ್ದು, ಬಡಿತ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತಿದ್ದು, ಡಾಕ್ಟರೂ ಹಾಗೇ ಅಂದರೆ ನಂಬಿ. 40 ದಾಟಿದವರಿಗೆ, ಅದರಲ್ಲೂ ಶುಗರ್, ಬಿಪಿ, ಸಿಗರೇಟು ಇದ್ದವರಿಗೆ ಬದುಕಿನಲ್ಲಿ ಮೊದಲ ಸಲ ಬಂದದ್ದನ್ನು ಮಾತ್ರ ಈ ಹಂತಕ್ಕೆ ಬರುವ ಮೊದಲು ಪ್ಯಾನಿಕ್ ಅಂತ ಕರೆಯಲೇಬೇಡಿ.

ಟೆನ್ಷನ್ ಅಂದರೆ "ಏನೂ ಇಲ್ಲ" ಅಂತ ಅರ್ಥವಲ್ಲ. "ಏನೂ ಇಲ್ಲ, ಸುಮ್ನೆ ಯೋಚನೆ ಮಾಡ್ತೀಯ" ಅಂತ ಮನೆಯವರು ಅಂದರೆ ಅದು ಮದ್ದೂ ಅಲ್ಲ. ಎದೆ ನಿಜವಾಗಿಯೇ ಓಡಿದೆ, ಕೈ ನಿಜವಾಗಿಯೇ ನಡುಗಿದೆ. ಮಾತಿನ ಚಿಕಿತ್ಸೆ ಇದೆ, ಬೇಕಾದರೆ ಔಷಧಿ ಇದೆ, ಮನೋವೈದ್ಯರ ಹತ್ತಿರ ಹೋಗಿ. ಮೊದಲ ಮಾತು ಕನ್ನಡದಲ್ಲೇ ಆಡಬೇಕು ಅನ್ನಿಸಿದರೆ ಟೆಲಿ ಮಾನಸ್ ಇದೆ, 14416. 2022ರಲ್ಲಿ ಸರ್ಕಾರ ಶುರುಮಾಡಿದ ಉಚಿತ ಸಹಾಯವಾಣಿ, ಭಾಷೆ ಆರಿಸುವಾಗ ಕನ್ನಡ ಸಿಗುತ್ತದೆ.

ಇಲ್ಲಿಗೆ ಬಂದವರು ಮಾಡುವ ದೊಡ್ಡ ತಪ್ಪು ಆಕ್ಸಿಮೀಟರ್ ಕೈಬಿಡದಿರುವುದು. ದಿನಕ್ಕೆ ನಲವತ್ತು ಸಲ ಬೆರಳಿಗೆ ಹಾಕುತ್ತಾರೆ. ನೋಡಬೇಕು ಅನ್ನುವ ಆತಂಕದಲ್ಲೇ 10 ಏರಿರುತ್ತದೆ, ಅದನ್ನು ನೋಡಿ ಇನ್ನೂ 10. ಹೊಸ ಚಿಹ್ನೆ ಬಂದರೆ ಮಾತ್ರ ಹಂತ 1ರಿಂದ ಶುರುಮಾಡಿ, ಇಲ್ಲದಿದ್ದರೆ ಮೆಷಿನನ್ನು ಮನೆಯಲ್ಲಿ ಬೇರೆಯವರ ಹತ್ತಿರ ಕೊಟ್ಟಿಡಿ. ಹಿಂದೆ ಟೆನ್ಷನ್ ಅಂತ ಹೇಳಿಸಿಕೊಂಡವರಿಗೂ ನಾಳೆ ನಿಜವಾದ ಎದೆನೋವು ಬರಬಹುದು, ಅದಕ್ಕೇ ಹಂತ 1 ಯಾವತ್ತೂ ರದ್ದಾಗುವುದಿಲ್ಲ.

## ಕಾಗದ ಇಡುವ ರೀತಿ

ಹಳೆಯ ಇಸಿಜಿ ಇದ್ದರೆ ಹೊಸದರ ಪಕ್ಕ ಇಟ್ಟು ಹೋಲಿಸಬಹುದು, ಡಾಕ್ಟರಿಗೆ ಅದು ಬಂಗಾರ. ಆದರೆ ಎಷ್ಟೋ ಮೆಷಿನ್‌ಗಳ ಕಾಗದ ಬಿಸಿಗೆ ಕಪ್ಪಾಗುವ ಜಾತಿಯದು, ಎಟಿಎಂ ಚೀಟಿಯಂತೆ. ಕಾಲ ಕಳೆದಂತೆ ಗೆರೆ ಮಾಸುತ್ತದೆ. ತೆಗೆದ ದಿನವೇ ಬೆಳಕಿನಲ್ಲಿ ನೇರವಾಗಿ ಫೋಟೊ ತೆಗೆದು, ಹೆಸರು ಮತ್ತು ತಾರೀಕು ಕಾಣುವಂತೆ, ನಿಮ್ಮ ಫೋನಿನಲ್ಲೂ ಮನೆಯ ಇನ್ನೊಬ್ಬರ ಫೋನಿನಲ್ಲೂ ಇಡಿ. ಝೆರಾಕ್ಸ್ ಮಾಡಿಸಿದರೂ ಆದೀತು. ಲ್ಯಾಮಿನೇಷನ್ ಮಾತ್ರ ಬೇಡ. ಮುಲುಂಡಿನ ಅಜ್ಜ ಒಬ್ಬರು ತಮ್ಮ ಇಸಿಜಿಯನ್ನು ಬಹಳ ಜೋಪಾನ ಮಾಡಿ, ಲ್ಯಾಮಿನೇಟ್ ಮಾಡಿಸಿ, ಚೀಲದಲ್ಲಿಟ್ಟು ತಂದು ಕೊಟ್ಟಿದ್ದರು. ಪೂರಾ ಕಪ್ಪು ಹಾಳೆ.